ಸದ್ದು ಬಂದ್ ಮಾಡಿ ನೋಡಿದ್ದು

ಗುಳೇದಗುಡ್ಡ
ಎರಡನೇ ವೈಶಾಖದ ನಲವತ್ತೊಂದನೇ ದಿನ, ಇಸವಿ 2194

ಮೊದಲಜ್ಜಿ ನೀಲಗಂಗಾ ಅವರಿಗೆ ಬನವ್ವ ಮಾಡುವ ಶರಣು.

ಮೇಲಿನ ತಾರೀಖು ನೋಡಿ, ಯಾರೋ ತಲೆ ಕೆಟ್ಟವಳು ಬರೆದಿದ್ದಾಳೆ ಅಂತ ಓಲೆ ಮಡಚಿ ಇಡಬೇಡಿ. ನಿಮ್ಮ ಕಾಲದಲ್ಲಿ ವೈಶಾಖ ಒಂದೇ ಇತ್ತು, ಅದಕ್ಕೆ ಮೂವತ್ತೇ ದಿನ ಇದ್ದವು ಅಂತ ಓದಿದ್ದೇನೆ. ನಮ್ಮಲ್ಲಿ ಬೇಸಿಗೆ ಮುಗಿಯುವುದೇ ಇಲ್ಲ. ಪಂಚಾಂಗದವರು ಬೇಸತ್ತು ವೈಶಾಖವನ್ನು ಎರಡು ಮಾಡಿ, ಎರಡನೆಯದನ್ನು ಮೊದಲ ಮಳೆ ಬೀಳುವವರೆಗೆ ಎಳೆಯುತ್ತಾರೆ. ಹೋದ ವರ್ಷ ಅರವತ್ತಾರು ದಿನ ಎಳೆದರು. ನನ್ನ ಬರವಣಿಗೆಯಲ್ಲಿ ನಿಮಗೆ ಗೊತ್ತಿಲ್ಲದ ಶಬ್ದಗಳು ಬರುತ್ತವೆ, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಇನ್ನೊಂದು ಮಾತು. ನಿಮಗೀಗ ಇಪ್ಪತ್ತನಾಲ್ಕು ವರ್ಷ, ನನಗೆ ಅರವತ್ತು ತುಂಬಿದೆ, ಮಂಡಿ ಹಿಡಿದುಕೊಂಡು ಏಳುತ್ತೇನೆ. ಆದರೂ ನಿಮ್ಮನ್ನು ಅಜ್ಜಿ ಅನ್ನುತ್ತೇನೆ, ಯಾಕೆಂದರೆ ನಮ್ಮ ಕೆಲಸದ ಜನವೆಲ್ಲ ನಿಮ್ಮನ್ನು ಮೊದಲಜ್ಜಿ ಅಂತಲೇ ಕರೆಯುವುದು. ಕೇಳಿ ನಿಮಗೆ ನಗು ಬಂದರೆ ನಕ್ಕುಬಿಡಿ, ಮುಂದೆ ನಗುವಂಥದ್ದು ಹೆಚ್ಚಿಲ್ಲ.

ಅರವತ್ತು ತುಂಬಿದವರು ಹಿಂದಿನ ಕಾಲದವರೊಬ್ಬರಿಗೆ ಒಂದು ಓಲೆ ಬರೆಯುವುದು ನಮ್ಮಲ್ಲಿ ಪದ್ಧತಿ. ಅದಕ್ಕೆ ಹಿಂದೋಲೆ ಅನ್ನುತ್ತೇವೆ. ಬರೆದು, ಊರ ಹೊರಗಿನ ಕೆಂಪು ಬಂಡೆಯಲ್ಲಿ ಕೊರೆದ ಗೂಡಿನೊಳಗೆ ಇಟ್ಟು, ಸುಣ್ಣದಿಂದ ಮುಚ್ಚುತ್ತೇವೆ. ಅದು ಹೋಗಿ ಮುಟ್ಟುತ್ತದೆ ಅಂತ ಕೆಲವರು, ಮುಟ್ಟುವುದಿಲ್ಲ ಅಂತ ಹಲವರು. ನಮ್ಮ ಪಕ್ಕದ ಮನೆಯ ಶಂಕ್ರವ್ವ ತನ್ನ ಮುತ್ತಜ್ಜನಿಗೆ ಹತ್ತು ಪುಟ ಬೈದು ಬರೆದಳು, ಮನೆ ಬಾಗಿಲನ್ನು ಪಡುವಣಕ್ಕೆ ಇಟ್ಟು ನಮ್ಮನ್ನೆಲ್ಲ ಸುಟ್ಟೆಯಲ್ಲೋ ಅಂತ. ಬಾಗಿಲು ಇನ್ನೂ ಪಡುವಣಕ್ಕೇ ಇದೆ. ನಾನೂ ನಂಬುವವಳಲ್ಲ. ಆದರೆ ನಂಬದೆ ಕೂತರೆ ನನಗೆ ಬೇರೆ ದಾರಿ ಇಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ನನ್ನ ರಕ್ತಸಂಬಂಧದ ಹಿರಿಯರನ್ನೆಲ್ಲ ಬಿಟ್ಟು ನಿಮಗೆ ಯಾಕೆ ಅಂದರೆ, ನನ್ನ ಮಗಳ ಬದುಕಿನಲ್ಲಿ ಕೈ ಆಡಿಸಿದವರು ಅವರಲ್ಲ, ನೀವು. ನಿಮಗೆ ಗೊತ್ತಿಲ್ಲದೆ ಆಡಿಸಿದ್ದೀರಿ, ಅದು ನನಗೂ ಗೊತ್ತಿದೆ.

ನಮ್ಮ ಮನೆ ಹೇಗಿದೆ ಅಂತ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ನಾವು ಇರುವುದು ನೆಲಮನೆಯಲ್ಲಿ. ಬಂಡೆ ಕಡಿದು ನೆಲದೊಳಗೆ ಇಳಿಸಿದ ಮನೆ ಅದು. ಮೇಲೆ ಮಾಳಿಗೆಗೆ ಒಂದು ಬೆಳಕಿಂಡಿ, ಅದರ ಮೇಲೆ ದಪ್ಪ ಗಾಜು. ಗೋಡೆಯೊಳಗೆ ತೆಳುವಾಗಿ ನೀರು ಹರಿಯುತ್ತದೆ, ಅದೇ ತಂಪು. ಬೆಳಿಗ್ಗೆ ಒಂಬತ್ತಕ್ಕೆ ಬಿಸಿಲುಗಂಟೆ ಹೊಡೆಯುತ್ತಾರೆ, ಅಂದರೆ ಎಲ್ಲರೂ ಒಳಗೆ ಇಳಿಯಬೇಕು ಅಂತ. ಸಂಜೆ ಐದೂವರೆಗೆ ಇನ್ನೊಮ್ಮೆ ಹೊಡೆದರೆ ಹೊರಗೆ ಬರುತ್ತೇವೆ. ನಡುವಿನ ಹೊತ್ತೆಲ್ಲ ಕೆಳಗೇ: ರೊಟ್ಟಿ ಬಡಿಯುವುದು, ಮಕ್ಕಳಿಗೆ ಪಾಠ, ಮಗ್ಗ, ಜಗಳ ಎಲ್ಲ. ಜೋಳ ಈಗ ಗಿಡ್ಡ ತಳಿಯದು, ಆದರೆ ರೊಟ್ಟಿ ರೊಟ್ಟಿಯೇ, ಶೇಂಗಾ ಹಿಂಡಿಯೂ ಇದೆ. ಕುಪ್ಪಸದ ಖಣ ನೇಯುವವರು ಊರಲ್ಲಿ ಇನ್ನೂ ನಲವತ್ತು ಮನೆ ಇದ್ದೇವೆ. ನನ್ನ ಅಪ್ಪ ಚೌಡಪ್ಪ ಅವರಲ್ಲೊಬ್ಬನಾಗಿದ್ದ. ಅವನದು ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲಿಟ್ಟು ಕೂತು ನೇಯುವ ಹಳೇ ಮಗ್ಗ. ಕುಣಿಯಲ್ಲಿ ಕೂತರೆ ಅವನ ತಲೆ ನೆಲದ ಮೇಲೆ ಕೂತ ಕೂಸಿನ ತಲೆಯ ಮಟ್ಟಕ್ಕೇ ಬರುತ್ತಿತ್ತು. ಇದನ್ನು ನೆನಪಿಡಿ.

ಇನ್ನು ನನ್ನ ಕೆಲಸ. ನಾನು ಗುರುತುಗಾರ್ತಿ. ನೀವೂ ಅದೇ ಕೆಲಸ ಮಾಡುತ್ತಿದ್ದೀರಿ, ಆದರೆ ನಿಮ್ಮ ಕಾಲದಲ್ಲಿ ಅದಕ್ಕೆ ಹೆಸರಿಲ್ಲ. ಚಿಕ್ಕ ಕೂಸು ಹಕ್ಕಿ ಕಂಡರೆ ಬೆರಳು ಮಾಡಿ ತೋರಿಸಿ, ತಾಯಿಯ ಮುಖ ನೋಡಿ, ಮತ್ತೆ ಹಕ್ಕಿ ನೋಡುತ್ತದಲ್ಲ, ಅದನ್ನು ನಾವು ಕೂಡುನೋಟ ಅನ್ನುತ್ತೇವೆ. ಹಕ್ಕಿ ಬೇಕು ಅಂತಲ್ಲ, ಬರೀ ನೀನೂ ನೋಡು ಅಂತ. ಮಾತು ಹುಟ್ಟುವುದು ಅಲ್ಲಿಂದಲೇ ಅಂತ ನಿಮ್ಮ ಕಾಲದವರೇ ಕಂಡುಕೊಂಡಿದ್ದರು. ಕೆಲವು ಮಕ್ಕಳಲ್ಲಿ ಇದು ಎಲ್ಲರ ಹಾಗೆ ಇರುವುದಿಲ್ಲ. ನೀವು ಅದನ್ನು ಆಟಿಸಂ ಅನ್ನುತ್ತೀರಿ, ನಾವು ಓರೆನೋಟದ ಮಕ್ಕಳು ಅನ್ನುತ್ತೇವೆ, ಯಾಕೆಂದರೆ ನೇರ ನೋಡದೆ ಕಣ್ಣಂಚಿನಿಂದ ನೋಡುವುದು ಅವರಿಗೆ ಹಿತ. ಅಂಥ ಮಕ್ಕಳಿಗೆ ಕೂಡುನೋಟ ಕಲಿಸಲು ಯಂತ್ರ ಬಳಸಬಹುದೇ ಅಂತ ನಿಮ್ಮ ಕೋಣೆಯಲ್ಲಿ ಈಗ ನೋಡುತ್ತಿದ್ದೀರಿ. ಬಳಸಬಹುದು, ಅಜ್ಜಿ. ನಮ್ಮಲ್ಲಿ ಊರಿಗೊಂದು ಕೇಂದ್ರ, ಕೇಂದ್ರದಲ್ಲಿ ಜೊತೆಗೊಂಬೆ. ಮೂರು ವರ್ಷದ ಕೂಸಿನಷ್ಟು ಎತ್ತರ, ನಿಧಾನವಾಗಿ ತಿರುಗುವ ತಲೆ, ಒಂದೇ ಬೆರಳು. ಅಲ್ನೋಡು ಅಂತ ಬೆರಳು ಮಾಡುತ್ತದೆ. ಕೂಸು ಅತ್ತ ನೋಡಿ, ಮರಳಿ ಗೊಂಬೆಯ ಮುಖ ನೋಡಿದರೆ ಭೇಷ್ ಅನ್ನುತ್ತದೆ. ಮುಖದ ಮೇಲೆ ಮೂರು ಎಣಿಸುವಷ್ಟು ಹೊತ್ತು ಕಣ್ಣು ನಿಲ್ಲಬೇಕು, ಅದು ಮರಳುನೋಟ. ಇದೆಲ್ಲ ಚಲಿಸುವ ಚಿತ್ರವಾಗಿ ದಾಖಲಾಗುತ್ತದೆ, ನಾವು ಗುರುತುಗಾರ್ತಿಯರು ಆ ಚಿತ್ರಗಳನ್ನು ನೋಡಿ, ಬೆರಳಿಗೊಂದು, ಕಣ್ಣಿಗೊಂದು, ಮರಳುನೋಟಕ್ಕೊಂದು ಗುರುತು ಹಾಕುತ್ತೇವೆ. ಮೂರೂ ಇಲ್ಲದಿದ್ದರೆ ಖಾಲಿ ಅಂತ ಬರೆಯುತ್ತೇವೆ. ಗೊಂಬೆ ಕಲಿಯುವುದು ನಮ್ಮ ಗುರುತಿನಿಂದಲೇ. ನಾವು ಗುರುತು ಹಾಕದ್ದು ಅದರ ಪಾಲಿಗೆ ಇಲ್ಲವೇ ಇಲ್ಲ.

ಈ ಕೆಲಸಕ್ಕೆ ಹನ್ನೆರಡು ನಿಯಮಗಳಿವೆ. ಒಂದನೆಯದನ್ನು ಸೇರಿದ ದಿನವೇ ಬಾಯಿಪಾಠ ಮಾಡಿಸುತ್ತಾರೆ: ಗುರುತು ಹಾಕುವಾಗ ಸದ್ದು ಇರತಕ್ಕದ್ದಲ್ಲ. ಯಾಕೆ ಅಂತ ನಾನು ಒಮ್ಮೆ ಕೇಳಿದ್ದಕ್ಕೆ, ದನಿ ಕಣ್ಣಿಗೆ ಮೋಸ ಮಾಡುತ್ತದೆ, ಮೊದಲಜ್ಜಿಯೇ ಹಾಗೆ ಬರೆದಿಟ್ಟಿದ್ದಾಳೆ ಅಂದರು. ಕಿವಿಗೆ ಹತ್ತಿಯ ಮುಚ್ಚಳ ಹಾಕಿ, ಕೂಸಿನ ಕೋಣೆಯ ಗೋಡೆಯಾಚೆ ಕೂತು ಪರದೆಯ ಮೇಲೆ ನೋಡುತ್ತಿದ್ದೆವು. ನಿಮ್ಮ ನೋಟ್‌ಬುಕ್ಕು ನಮ್ಮ ಕೇಂದ್ರದಲ್ಲೇ ಇತ್ತು ಅಂದರೆ ನಂಬುತ್ತೀರಾ? ಗಾಜಿನ ಪೆಟ್ಟಿಗೆಯಲ್ಲಿತ್ತು. ಆಯುಧಪೂಜೆಯ ದಿನ ಹೊರಗೆ ತೆಗೆದು, ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದು, ಮತ್ತೆ ಪೆಟ್ಟಿಗೆಗೆ ಇಡುತ್ತಿದ್ದೆವು. ಮೂವತ್ತೈದು ವರ್ಷ ನಾನೇ ಅದಕ್ಕೆ ಕುಂಕುಮ ಹಚ್ಚಿದ್ದೇನೆ. ಒಂದು ದಿನವೂ ಬಿಚ್ಚಿ ಓದಲಿಲ್ಲ. ಪೂಜೆ ಮಾಡುವ ವಸ್ತುವನ್ನು ಯಾರು ಓದುತ್ತಾರೆ ಹೇಳಿ.

ನನ್ನ ಮಗಳ ಹೆಸರು ಸಕ್ರವ್ವ. ಸಕ್ಕು ಅನ್ನುತ್ತೇವೆ. ಅವಳಪ್ಪ ದೂರದಲ್ಲಿ ಕಾಲುವೆ ಕೆಲಸಕ್ಕಿದ್ದ, ವರ್ಷಕ್ಕೆರಡು ಸಲ ಬರುತ್ತಿದ್ದ, ಈಗಿಲ್ಲ. ಆಗ ಮನೆಯಲ್ಲಿ ನಾನು, ಅಪ್ಪ, ಸಕ್ಕು, ಮೂವರೇ. ಅವಳಿಗೆ ಎರಡು ತುಂಬುವುದರೊಳಗೆ ನನಗೆ ತಿಳಿದುಹೋಯಿತು. ಊರ ಮಕ್ಕಳ ಕಣ್ಣು ಎಣಿಸುವವಳಿಗೆ ಮನೆಯ ಕೂಸಿನ ಕಣ್ಣು ತಿಳಿಯದೇ ಇರುತ್ತದೆಯೇ? ಬೆರಳು ಮಾಡುತ್ತಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ನನ್ನ ಮುಖ ಅವಳಿಗೆ ಬೇಡವಾಗಿತ್ತು. ಮೂರನೇ ವರ್ಷಕ್ಕೆ ಕೇಂದ್ರಕ್ಕೆ ಸೇರಿಸಿದೆ. ಅಲ್ಲಿ ಗೊಂಬೆಯನ್ನು ಕಂಡು ಅವಳಿಗೆ ಎಂಥ ಸಂತೋಷ! ಗೊಂಬೆ ಪ್ರತಿ ಸಲವೂ ಅಷ್ಟೇ ನಿಧಾನವಾಗಿ ತಿರುಗುತ್ತದೆ, ಅದೇ ದನಿಯಲ್ಲಿ ಮಾತಾಡುತ್ತದೆ, ಸಿಟ್ಟಾಗುವುದಿಲ್ಲ, ಅಳುವುದಿಲ್ಲ. ನಾನು ಎರಡನ್ನೂ ಮಾಡುತ್ತಿದ್ದೆ. ಅವಳು ಗೊಂಬೆಯ ಬೆರಳು ಹಿಡಿದು ಕೂತದ್ದು ನೋಡಿ ಹೊಟ್ಟೆಕಿಚ್ಚು ಪಟ್ಟೆ ಅಂತ ಈಗ ಒಪ್ಪಿಕೊಳ್ಳಲು ನಾಚಿಕೆ ಇಲ್ಲ. ಊರಲ್ಲಿ ಗುರುತುಗಾರ್ತಿ ನಾನೊಬ್ಬಳೇ, ಆದ್ದರಿಂದ ಅವಳ ಹಾಳೆಗಳಿಗೂ ಗುರುತು ಹಾಕುತ್ತಿದ್ದವಳು ನಾನೇ.

ಈಗ ಅಪ್ಪನ ವಿಷಯ. ಮನೆಯಲ್ಲಿ ಹಲ್ಲಿ ಲೊಚಗುಟ್ಟಿದರೆ ಹಿರಿಯರು ಬೆರಳಿನಿಂದ ನೆಲ ಬಡಿಯುವುದು ನಿಮ್ಮ ಕಾಲದಲ್ಲೂ ಇತ್ತಲ್ಲ, ನಮ್ಮಲ್ಲೂ ಇದೆ. ಬೇರೆ ಪ್ರಾಣಿಗಳು ಎಷ್ಟೋ ಹೋದವು, ಹಲ್ಲಿ ಮಾತ್ರ ನೆಲಮನೆಗೂ ಇಳಿದು ಬಂತು. ಅಪ್ಪ ನೇಯುತ್ತ ಕೂತಾಗ ಗೋಡೆಯ ಹಲ್ಲಿ ಲೊಚ್ ಲೊಚ್ ಅಂದರೆ, ಕೈಯಲ್ಲಿದ್ದ ಲಾಳಿಯಿಂದ ಮಗ್ಗದ ಕಟ್ಟಿಗೆಗೆ ಒಂದು ಸಲ ಟಕ್ ಅನ್ನಿಸಿ, ಖರೇ ಐತಿ ತಗೋ ಅನ್ನುತ್ತಿದ್ದ. ಸಕ್ಕು ಅವನ ಪಕ್ಕದಲ್ಲೇ ನೆಲದ ಮೇಲೆ ಕೂತು ಇದನ್ನು ಎಷ್ಟು ದಿನ ಕೇಳಿದ್ದಳೋ. ಒಂದು ದಿನ ಅವಳೇ ಗೆಣ್ಣಿನಿಂದ ನೆಲಕ್ಕೆ ಎರಡು ಸಲ ಬಡಿದಳು. ಅಪ್ಪ ರೂಢಿಯ ಮೇಲೆ ಒಂದು ಸಲ ಬಡಿದ. ಅವತ್ತಿನಿಂದ ಅವರಿಬ್ಬರದು ಅದೇ ಆಯಿತು. ಇವಳು ಎರಡು, ಅವನು ಒಂದು. ಒಬ್ಬರ ಮುಖ ಒಬ್ಬರು ನೋಡುತ್ತಲೇ ಇರಲಿಲ್ಲ. ಇಬ್ಬರೂ ಸುಮ್ಮನೆ ಎದುರಿನ ಗೋಡೆಯನ್ನೋ, ಉರುಳಿ ಹೋದ ನೂಲಿನ ಉಂಡೆಯನ್ನೋ ನೋಡುತ್ತ ಕೂತಿರುತ್ತಿದ್ದರು. ಒಲೆಯ ಮುಂದೆ ರೊಟ್ಟಿ ಬಡಿಯುತ್ತ ನಾನು ಇದನ್ನು ದಿನಾ ಕೇಳಿದ್ದೇನೆ. ನನಗೆ ಅದು ಕೆಟ್ಟ ಚಟವಾಗಿ ಕಂಡಿತು. ನಮ್ಮ ಪುಸ್ತಕದಲ್ಲಿ ಅದರ ಹೆಸರು ಖಾಲಿ ಬಡಿತ.

ಕಲಿಕೆ ಮುಂದೆ ಹೋಗದಿದ್ದಾಗ ಕೇಂದ್ರದವರು ಮನೆಗೂ ಒಂದು ನಿಯಮ ಕೊಡುತ್ತಾರೆ. ಕೂಸು ಮುಖ ನೋಡುವವರೆಗೆ ಮನೆಯವರು ಯಾರೂ ಅದಕ್ಕೆ ಯಾವ ಉತ್ತರವನ್ನೂ ಕೊಡಕೂಡದು, ಕಾಯಬೇಕು. ಕಾಯ್ದರೆ ತಾನೇ ದಾರಿಗೆ ಬರುತ್ತದೆ ಅಂತ. ಆ ಚೀಟಿಯನ್ನು ಮನೆಗೆ ತಂದವಳು ನಾನು, ಅಪ್ಪನಿಗೆ ಓದಿ ಹೇಳಿದವಳೂ ನಾನು. ಅವನು ಕೈಯಲ್ಲಿದ್ದ ಲಾಳಿಯನ್ನು ಕೆಳಗಿಟ್ಟ. ಆಮೇಲೆ, ಕೂಸು ಕರಿಯಾಕ ಹತ್ತೈತಿ ಬನವ್ವಾ, ಕರದ್ರ ಓ ಅನಬ್ಯಾಡ ಅಂತೀಯಲ್ಲ, ನಿನಗ ನಾ ಹಂಗ ಮಾಡಿದ್ರ ಹೆಂಗಿರ್ತಿತ್ತು ಅಂದ. ನಿನಗೇನು ತಿಳಿಯುತ್ತದೆ ಅಪ್ಪಾ, ಇದು ನನ್ನ ಕೆಲಸ, ನೀನು ಖಣ ನೇಯಿ ಅಂದೆ. ಇಡೀ ಜನ್ಮದಲ್ಲಿ ನಾನು ಅಪ್ಪನಿಗೆ ಎದುರಾಡಿದ್ದು ಅದೊಂದೇ ಸಲ.

ಎಂಟು ತಿಂಗಳು ಕಾಯ್ದೆವು. ಅಪ್ಪ ಲಾಳಿಗೆ ಹಳೇ ಧೋತರದ ಚಿಂದಿ ಸುತ್ತಿಕೊಂಡ, ಕೈ ತಪ್ಪಿ ಬಡಿದರೂ ಸದ್ದಾಗಬಾರದು ಅಂತ. ಒಂದು ಮಧ್ಯಾಹ್ನ ನನ್ನ ಕಣ್ಣ ಮುಂದಿನಿಂದ ಹೋಗುವುದಿಲ್ಲ. ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ತುಣುಕು ನೆಲದ ಮೇಲೆ ಹರಿದು ಬಂದು, ಮಗ್ಗದ ಮೇಲಿನ ಕೆಂಪು ಖಣದ ಮೇಲೆ ಏರಿತು. ಮನೆಯೆಲ್ಲ ಒಂದು ಥರ ಕೆಂಪಗಾಯಿತು. ಸಕ್ಕು ಎರಡು ಸಲ ಬಡಿದಳು. ಅಪ್ಪ ಸುಮ್ಮನೆ ಕೂತ. ಅವಳು ಸ್ವಲ್ಪ ತಡೆದು ಮತ್ತೆ ಬಡಿದಳು. ಮತ್ತೆ ತಡೆದಳು. ಆ ಬೆಳಕು ಖಣದಿಂದ ಇಳಿದು ಗೋಡೆಗೆ ಹೋಗುವವರೆಗೂ ಬಡಿದಳು, ಗೆಣ್ಣು ಕೆಂಪಗಾಗಿತ್ತು. ಅಪ್ಪ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದ, ಕಣ್ಣೀರು ಗಡ್ಡಕ್ಕೆ ಇಳಿಯುತ್ತಿತ್ತು. ನಾನು ಬಾಗಿಲ ಹತ್ತಿರ ನಿಂತು ಅವನು ಬಡಿಯದಂತೆ ಕಾವಲು ಕಾಯುತ್ತಿದ್ದೆ. ಅವಳು ಒಮ್ಮೆ ಮುಖ ನೋಡಲಿ, ಒಂದೇ ಸಲ ನೋಡಲಿ ಅಂತ ನಾನು ಬನಶಂಕರಿಗೆ ಹರಕೆ ಹೊತ್ತೆ. ಅವಳು ನೋಡಲಿಲ್ಲ. ಆ ವಾರ ಕಳೆದ ಮೇಲೆ ಬಡಿಯುವುದನ್ನೇ ಬಿಟ್ಟಳು.

ಮುಂದಿನದೆಲ್ಲ ನಮ್ಮ ಕೇಂದ್ರದ ಲೆಕ್ಕದಲ್ಲಿ ಗೆಲುವು. ಐದು ತುಂಬುವ ಹೊತ್ತಿಗೆ ಸಕ್ಕು ಬೆರಳು ಮಾಡಿದಳು. ಗೊಂಬೆಯ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು, ಸರಿಯಾಗಿ ಮೂರು ಎಣಿಸುವಷ್ಟು ಹೊತ್ತು. ಅವತ್ತು ನಾನು ಹಾಳೆಯ ಮೇಲೆ ಮೂರೂ ಗುರುತು ಹಾಕಿ ಅತ್ತೆ. ಊರಿಗೆಲ್ಲ ಅಮೀನಗಡದ ಕರದಂಟು ಹಂಚಿದೆ. ಅಪ್ಪನ ಕೈಗೂ ಒಂದು ತುಂಡು ಇಟ್ಟೆ. ಅವನು ತಿನ್ನದೆ ಅಂಗೈಯಲ್ಲಿ ಇಟ್ಟುಕೊಂಡೇ ಕೂತಿದ್ದ, ಬೆಲ್ಲ ಕರಗಿ ಕೈಗೆ ಅಂಟಿತ್ತು. ಅದೇ ವರ್ಷ ಎರಡನೇ ವೈಶಾಖದಲ್ಲಿ, ಕುಣಿಯಲ್ಲಿ ಕೂತಲ್ಲೇ ತೀರಿಕೊಂಡ. ಲಾಳಿಗೆ ಸುತ್ತಿದ ಚಿಂದಿ ಹಾಗೇ ಇತ್ತು, ನಾನೇ ಬಿಚ್ಚಿದೆ.

ಸಕ್ಕುಗೆ ಈಗ ಮೂವತ್ತನಾಲ್ಕು. ಊರ ಬಣ್ಣದ ಮನೆಯಲ್ಲಿ ನೂಲು ಹೊಂದಿಸುವ ಕೆಲಸ. ನಮಗೆ ಕೆಂಪು ಅಂತ ಕಾಣುವುದರಲ್ಲಿ ಅವಳು ಮೂವತ್ತು ಕೆಂಪು ಕಾಣುತ್ತಾಳೆ, ನೇಕಾರರೆಲ್ಲ ಅವಳಿಲ್ಲದೆ ನಡೆಯುವುದಿಲ್ಲ ಅನ್ನುತ್ತಾರೆ. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ಊಟ ಮಾಡುತ್ತಾಳೆ, ನನಗೆ ಜ್ವರ ಬಂದರೆ ಕಷಾಯ ಕುದಿಸುತ್ತಾಳೆ. ಯಾರು ಮಾತಾಡಿಸಿದರೂ ಮುಖ ನೋಡುತ್ತಾಳೆ, ಮೂರು ಎಣಿಸುತ್ತಾಳೆ, ತಿರುಗುತ್ತಾಳೆ. ಊರ ಜನ ನನ್ನನ್ನು ಹೊಗಳುತ್ತಾರೆ. ಆದರೆ ಅಜ್ಜಿ, ಈ ಮೂವತ್ತು ವರ್ಷದಲ್ಲಿ ಅವಳು ನನಗೆ ಏನನ್ನೂ ತೋರಿಸಿಲ್ಲ. ಒಂದು ಮೋಡ, ಒಂದು ಇರುವೆ, ಹರಿದ ಸೆರಗು, ಏನೂ ಇಲ್ಲ. ತೋರಿಸು ಅಂದರೆ ಬೆರಳು ಮಾಡುತ್ತಾಳೆ. ತಾನಾಗಿ ಎಂದೂ ಇಲ್ಲ. ನೋಡವ್ವಾ ಅನ್ನುವ ಒಂದು ಮಾತಿಗೆ ನಾನು ಬಾಯಿ ಬಿಟ್ಟುಕೊಂಡು ಕಾಯುತ್ತ ಮುದುಕಿಯಾದೆ.

ಹೋದ ವರ್ಷ ನಮ್ಮ ಕೇಂದ್ರ ಮುಚ್ಚಿತು. ಗೊಂಬೆಗಳು ಹಳೆಯವಾದವು, ಹೊಸ ಪದ್ಧತಿ ಬಂತು. ಹಳೇ ಚಿತ್ರಗಳನ್ನೆಲ್ಲ ಅಳಿಸುತ್ತೇವೆ, ಬೇಕಾದವರು ಒಮ್ಮೆ ಬಂದು ನೋಡಿಕೊಂಡು ಹೋಗಿ ಅಂದರು. ನಾನು ಹೋದೆ. ಚಿತ್ರ ಹಾಕುವ ಹುಡುಗಿ ಹೊಸಬಳು, ಅವಳಿಗೆ ನಮ್ಮ ಒಂದನೇ ನಿಯಮ ಗೊತ್ತಿರಲಿಲ್ಲ. ಸದ್ದು ಹಚ್ಚಿಯೇ ಹಾಕಿದಳು. ಪರದೆಯ ಮೇಲೆ ನನ್ನ ಸಕ್ಕು, ಮೂರೂವರೆ ವರ್ಷದವಳು, ಬೆನ್ನು ಮಾಡಿ ಕೂತಿದ್ದಾಳೆ. ನಾನು ನೂರು ಸಲ ನೋಡಿ ಖಾಲಿ ಅಂತ ಬರೆದ ಚಿತ್ರ. ಟಕ್ ಟಕ್ ಅಂತ ಕೇಳಿಸಿತು. ಯಂತ್ರ ಕೆಟ್ಟಿದೆಯೇನೋ ಅಂದುಕೊಂಡೆ. ಮತ್ತೆ ಟಕ್ ಟಕ್. ಪ್ರತಿ ಸಲ ಎರಡೇ, ಪ್ರತಿ ಸಲ ಅದಾದ ಮೇಲೆ ಒಂದು ಸುಮ್ಮನಿರುವಿಕೆ, ಒಬ್ಬರು ಉತ್ತರ ಕೊಡಲು ಎಷ್ಟು ಹೊತ್ತು ಬೇಕೋ ಅಷ್ಟು. ಹನ್ನೊಂದು ದಿನ ದಿನಾ ಹೋಗಿ ಎಲ್ಲವನ್ನೂ ಕೇಳಿದೆ. ಹುಡುಗಿ ಪಾಪ ಮೊದಲ ದಿನ ನೀರು ತಂದುಕೊಟ್ಟಳು, ಎರಡನೇ ದಿನದಿಂದ ತನ್ನ ಪಾಡಿಗೆ ತಾನು ಹೊರಗೆ ಹೋಗಿ ಕೂರುತ್ತಿದ್ದಳು.

ಮೊದಲು ಅವಳು ಮೇಜಿಗೆ ಬಡಿಯುತ್ತಿದ್ದಳು, ಗೊಂಬೆಯ ಹತ್ತಿರ. ಗೊಂಬೆ, ಇಲ್ಲಿ ನೋಡು ಅನ್ನುತ್ತಿತ್ತು, ಅದಕ್ಕೆ ಗೊತ್ತಿದ್ದದ್ದು ಅಷ್ಟೇ. ಕೆಲವು ತಿಂಗಳಾದ ಮೇಲಿನ ಚಿತ್ರಗಳಲ್ಲಿ ಅವಳು ಎದ್ದು ಗೋಡೆಯ ಹತ್ತಿರ ಹೋಗುತ್ತಾಳೆ. ಗೋಡೆಗೆ ಬಡಿಯುತ್ತಾಳೆ. ಯಾವ ಗೋಡೆ ಅಂತ ನನಗೆ ತಿಳಿಯಲು ನಾಲ್ಕು ದಿನ ಬೇಕಾಯಿತು. ಆಚೆ ನಾನು ಕೂರುತ್ತಿದ್ದ ಗೋಡೆ ಅದು. ಅವಳನ್ನು ಒಳಗೆ ಬಿಟ್ಟು ನಾನು ಆ ಗೋಡೆಯಲ್ಲಿದ್ದ ಬಾಗಿಲಿನಿಂದಲೇ ಆಚೆ ಹೋಗುತ್ತಿದ್ದೆನಲ್ಲ, ಅವಳಿಗೆ ಗೊತ್ತಿತ್ತು. ಅವ್ವ ಅಲ್ಲಿದ್ದಾಳೆ ಅಂತ ಗೊತ್ತಿತ್ತು. ಟಕ್ ಟಕ್, ತಡೆಯುತ್ತಾಳೆ, ಕಿವಿ ಗೋಡೆಗೆ ಹಚ್ಚುತ್ತಾಳೆ, ಮತ್ತೆ ಟಕ್ ಟಕ್. ಒಂದು ಗೇಣು ಕಲ್ಲಿನಾಚೆ ನಾನು ಕಿವಿಗೆ ಹತ್ತಿ ಮುಚ್ಚಿಕೊಂಡು ಕೂತು, ಖಾಲಿ, ಗೋಡೆಯ ಕಡೆ ಮುಖ, ಅಂತ ನನ್ನ ದುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದೆ. ಅವಳು ಏನನ್ನೋ ನೋಡುತ್ತ ನನ್ನನ್ನು ಕರೆಯುತ್ತಿದ್ದಳು. ಏನನ್ನು ಅಂತ ಕಾಣುವುದಿಲ್ಲ, ಗೋಡೆಯ ಆ ಭಾಗ ಚಿತ್ರದೊಳಗೆ ಬಂದಿಲ್ಲ. ನಾನು ಪರದೆಯ ಅಂಚಿಗೆ ಹಣೆ ಹಚ್ಚಿ ನೋಡಿದೆ, ಹುಚ್ಚಿಯ ಹಾಗೆ.

ಅವತ್ತು ಸಂಜೆ ಮನೆಗೆ ಬಂದು, ಸಕ್ಕು ನೂಲು ಬಿಡಿಸುತ್ತ ಕೂತಿದ್ದಾಗ, ನಾನು ನೆಲಕ್ಕೆ ಎರಡು ಸಲ ಬಡಿದೆ. ಅವಳು ಕೆಲಸ ನಿಲ್ಲಿಸಿದಳು. ತಲೆ ಎತ್ತಿದಳು. ನನ್ನ ಮುಖ ನೋಡಿದಳು. ಒಂದು, ಎರಡು, ಮೂರು. ಮತ್ತೆ ನೂಲಿಗೆ ತಿರುಗಿದಳು. ನಾನು ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿದ್ದಳು. ನಾನು ಹಿತ್ತಲ ಮೆಟ್ಟಿಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಆಮೇಲೂ ದಿನಾ ಬಡಿಯುತ್ತಿದ್ದೇನೆ. ಒಮ್ಮೆ ಧೈರ್ಯ ಮಾಡಿ ಕೇಳಿಯೇ ಬಿಟ್ಟೆ, ಕೇಂದ್ರದ ಗೋಡೆಯ ಮೇಲೆ ಅವಾಗ ಏನಿತ್ತವ್ವಾ ಅಂತ. ಗೋಡಿ ನೋಡಬಾರದು ಅಂತ ನೀನ ಹೇಳಿದ್ದೆಲ್ಲವ್ವಾ ಅಂದಳು. ಸಿಟ್ಟಿನಿಂದ ಅಲ್ಲ, ನೆನಪು ಮಾಡಿಕೊಟ್ಟಳು ಅಷ್ಟೇ. ಮೊನ್ನೆ ಊಟಕ್ಕೆ ಕೂತಾಗ ಹಲ್ಲಿ ಲೊಚಗುಟ್ಟಿತು. ಅವಳ ಬಲಗೈ ತಟ್ಟೆಯಿಂದ ಮೇಲಕ್ಕೆ ಎದ್ದಿತು, ಗೆಣ್ಣು ಮಡಚಿತ್ತು. ಕೈ ಹಾಗೇ ಕೆಳಗಿಳಿದು ರೊಟ್ಟಿ ಮುರಿಯಿತು.

ಕೇಂದ್ರ ಖಾಲಿ ಮಾಡುವಾಗ ನಿಮ್ಮ ನೋಟ್‌ಬುಕ್ಕನ್ನು ನಾನೇ ಮನೆಗೆ ತಂದೆ. ಆಗ ಮೊದಲ ಸಲ ಓದಿದೆ. ಒಂದನೇ ನಿಯಮ ಎಲ್ಲಿಂದ ಬಂತು ಅಂತ ಹುಡುಕಿದೆ. ದನಿ ಕಣ್ಣಿಗೆ ಮೋಸ ಮಾಡುತ್ತದೆ ಅಂತ ಎಲ್ಲಿಯೂ ಇಲ್ಲ. ಏಪ್ರಿಲ್ ಹದಿನೇಳರ ಪುಟದ ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ, ಅವಸರದಲ್ಲಿ ನೀವು ಬರೆದದ್ದು ಇಷ್ಟು: ವಿಡಿಯೊದಾಗ ಫ್ಯಾನಿನ ಗರಗರ ಬಿಟ್ರ ಏನೂ ಕೇಳಸವಲ್ತು, ತಲಿ ನೋಯಾಕ ಹತ್ತೈತಿ, ಇನ್ನ ಮ್ಯಾಲೆ ಸದ್ದು ಬಂದ್ ಮಾಡಿ ನೋಡತೇನಿ. ನನಗೆ ಫ್ಯಾನು ಅಂದರೆ ಏನಂತಲೇ ಗೊತ್ತಿರಲಿಲ್ಲ, ನೆಲಮನೆಗಳಿಗೆ ಅದು ಬೇಕಿಲ್ಲ. ಬಾದಾಮಿಯ ಹಳೇ ವಸ್ತುಗಳ ಮನೆಗೆ ಹೋಗಿ ಕೇಳಿದೆ. ಮೂರು ರೆಕ್ಕೆಯ ಒಂದು ತಗಡನ್ನು ತೋರಿಸಿ, ಮುದುಕಿಯ ಆಸೆ ಅಂತ ಹಚ್ಚಿಯೂ ತೋರಿಸಿದರು. ಗರಗರ ಅಂತು, ನಡುನಡುವೆ ಕಟಕಟ ಅಂತು. ಅದರ ಕೆಳಗೆ ನಿಂತೆ. ನೂರಾ ಅರವತ್ತು ವರ್ಷ ಊರೂರಿನ ಗುರುತುಗಾರ್ತಿಯರೆಲ್ಲ ಕಿವಿ ಮುಚ್ಚಿಕೊಂಡದ್ದು ಇದರ ಸಲುವಾಗಿ. ನಿಮಗೆ ತಲೆನೋವಿತ್ತು, ಸೆಕೆ ಇತ್ತು, ಕೆಲಸ ಮುಗಿಸಬೇಕಿತ್ತು. ನಿಮ್ಮ ಮೇಲೆ ಸಿಟ್ಟು ಮಾಡಲು ಹೋದೆ, ಬರಲಿಲ್ಲ. ನೀವು ಒಂದು ಪುಟದ ಅಂಚಿನಲ್ಲಿ ಬರೆದಿರಿ. ಮನೆಯಲ್ಲಿ ಆ ಸದ್ದನ್ನು ಕಿವಿಯಾರೆ ಕೇಳಿ, ಕೇಳದವಳ ಹಾಗೆ ನಿಂತವಳು ನಾನು.

ಅದೇ ಪುಟದಲ್ಲಿ ಇನ್ನೊಂದು ಸಾಲಿದೆ. ನಾಲ್ಕನೇ ಕೂಸು, ಮೂರು ವರ್ಷ, ಮುಖ ನೋಡುವುದಿಲ್ಲ, ಬಾಗಿಲಿಗೆ ಕೈ ತಟ್ಟುತ್ತದೆ, ಖಾಲಿ. ಹೆಸರು ಬರೆದಿಲ್ಲ. ಹೆಣ್ಣೋ ಗಂಡೋ ಅಂತಲೂ ಬರೆದಿಲ್ಲ. ಆ ಬಾಗಿಲಿನಾಚೆ ಯಾರು ಕೂತಿದ್ದರು ಅಂತ ನನಗೆ ಗೊತ್ತಿಲ್ಲ, ಆದರೆ ಊಹೆ ಮಾಡಬಲ್ಲೆ.

ಈ ಓಲೆ ನಿಮಗೆ ಮುಟ್ಟುವುದಾದರೆ ಏಪ್ರಿಲ್ ಹದಿನಾರಕ್ಕೇ ಮುಟ್ಟಲಿ. ನನ್ನದು ಒಂದೇ ಕೋರಿಕೆ. ಗೊಂಬೆ ಬೇಡ ಅನ್ನುವುದಿಲ್ಲ, ಅದರ ಬೆರಳು ಹಿಡಿದು ನನ್ನ ಮಗಳು ನಕ್ಕಿದ್ದನ್ನು ನಾನು ಕಂಡಿದ್ದೇನೆ. ನಾಳೆ ಆ ನಾಲ್ಕನೇ ಕೂಸು ಬಂದಾಗ ಫ್ಯಾನ್ ಬಂದ್ ಮಾಡ್ರಿ, ಅಜ್ಜಿ. ಸೆಕೆಯಾದರೆ ಬೀಸಣಿಕೆಯಿಂದ ಅದಕ್ಕೆ ಗಾಳಿ ಹಾಕಿ, ಬೀಸಣಿಕೆಗೆ ಸದ್ದಿಲ್ಲ. ಕೂಸಿನ ಪಕ್ಕ ನೆಲದ ಮೇಲೆ ಕೂರಿ. ಅದರ ಅವ್ವನನ್ನೂ ಒಳಗೆ ಕರೆಯಿರಿ. ಅದು ಬಾಗಿಲು ತಟ್ಟಿದರೆ, ಮುಖ ನೋಡಲಿ ಅಂತ ಕಾಯಬೇಡಿ. ನೀವೂ ಒಂದು ಸಲ ತಟ್ಟಿ. ಆಮೇಲೆ ಅದು ಯಾವ ಕಡೆ ನೋಡುತ್ತಿದೆಯೋ ಆ ಕಡೆ ನೋಡಿ. ಅಲ್ಲಿ ಏನಿತ್ತು ಅಂತ ನೀವಾದರೂ ನೋಡಿ.

ಇಂತಿ,
ಚೌಡಪ್ಪನ ಮಗಳು, ಸಕ್ಕುವಿನ ತಾಯಿ
ಬನವ್ವ